ಬೆಳ್ಳಿ ಕೋಟಿಂಗ್ ಇರುವ ಯೂರಿನ್ ಪೈಪ್ ಹಾಕಿಸಿದರೆ ಇನ್ಫೆಕ್ಷನ್ ನಿಲ್ಲುತ್ತಾ?

ಹಾಸನ್_ಹೈದ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಲ್ಲಿ ನರ್ಸ್, ಡಾಕ್ಟರ್, ಇಂಜಿನಿಯರ್ ಎಲ್ಲರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ತಂದೆಗೆ ಲಕ್ವ ಹೊಡೆದ ಮೇಲೆ ಮೂತ್ರ ಸರಿಯಾಗಿ ಹೋಗುತ್ತಿಲ್ಲ. ಹಾಗಾಗಿ ಕ್ಯಾಥೆಟರ್ (ಯೂರಿನ್ ಪೈಪ್) ಕಾಯಂ ಆಗಿ ಇದೆ. ಒಬ್ಬರು ಮನೆಗೇ ಬಂದು ಬದಲಾಯಿಸಿ ಹೋಗುತ್ತಾರೆ. ಆದರೆ ಪದೇ ಪದೇ ಇನ್ಫೆಕ್ಷನ್. ಮೂತ್ರ ಕಲಕಿದ ಹಾಗೆ ಕಾಣುತ್ತದೆ, ವಾಸನೆ ಬರುತ್ತದೆ, ಯಾವ ಬ್ಯಾಕ್ಟೀರಿಯಾ ಅಂತ ನೋಡಲು ಲ್ಯಾಬಿಗೆ ಕಲ್ಚರ್‌ಗೆ ಕಳಿಸುತ್ತೇವೆ, ಏನೋ ಒಂದು ಬ್ಯಾಕ್ಟೀರಿಯಾ ಹೆಸರು ಬರುತ್ತದೆ, ಆ್ಯಂಟಿಬಯೋಟಿಕ್ ಕೋರ್ಸ್ ಮಾಡುತ್ತೇವೆ. ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ ಕಥೆ. ಈಗೀಗ ರಿಪೋರ್ಟ್‌ನಲ್ಲಿ ಮಾತ್ರೆಗಳ ಎದುರಿಗೆ ರೆಸಿಸ್ಟೆಂಟ್, ಅಂದರೆ ಆ ಮಾತ್ರೆಗೆ ಬಗ್ಗಲ್ಲ, ಅಂತ ಇರುವುದೇ ಜಾಸ್ತಿ. ಹೋದ ಸಲ ಇಂಜೆಕ್ಷನ್ನೇ ಬೇಕಾಯಿತು.

ಮೆಡಿಕಲ್ ಶಾಪ್‌ನವರು ಹೇಳಿದರು, "ಸಿಲ್ವರ್ ಕೋಟೆಡ್ ಬಂದಿದೆ ಸಾರ್, ಅದನ್ನು ಹಾಕಿಸಿ, ಬೆಳ್ಳಿಗೆ ಕ್ರಿಮಿ ಹತ್ತಿರವೂ ಸುಳಿಯಲ್ಲ" ಅಂತ. ರೇಟು ಮಾಮೂಲಿಗಿಂತ ಎಷ್ಟೋ ಪಟ್ಟು. ದುಡ್ಡು ಹೋದರೂ ಪರವಾಗಿಲ್ಲ, ಅಪ್ಪನ ನರಳಾಟ ತಪ್ಪಿದರೆ ಸಾಕು. ಆದರೆ ಕೆಲಸ ಮಾಡುತ್ತದಾ ಇಲ್ಲವಾ ಅಂತ ಗೊತ್ತಾಗಬೇಕಲ್ಲ. ಸಾಕ್ಸ್, ಫ್ರಿಜ್ಜು, ವಾಟರ್ ಫಿಲ್ಟರ್ ಎಲ್ಲದರ ಮೇಲೂ ಸಿಲ್ವರ್ ಅಂತ ಬರೆದಿರುವುದು ನೋಡಿ ನೋಡಿ ನಂಬಿಕೆಯೇ ಹೋಗಿದೆ.

ಇನ್ನೊಂದು ಪ್ರಶ್ನೆಯನ್ನೂ ಇಲ್ಲೇ ಸೇರಿಸುತ್ತೇನೆ. ಚಿಕ್ಕಪ್ಪನಿಗೆ ಮಂಡಿ ಆಪರೇಷನ್ ಮಾಡಿಸಬೇಕು, ಶುಗರ್ ಇದೆ. ಅಲ್ಲಿ "ಗೋಲ್ಡ್ ನೀ ಹಾಕಿಸಿ, ಇನ್ಫೆಕ್ಷನ್ ಭಯ ಇರಲ್ಲ" ಅಂದರಂತೆ. ಇದೂ ಅದೇ ತರಹದ ಲೋಹದ ಲೇಪವಾ?

---

ನೈಟ್_ಡ್ಯೂಟಿ_ಸಿಸ್ಟರ್:

ದುಡ್ಡು ಇಟ್ಟುಕೊಳ್ಳಿ ಅಣ್ಣ. ನಿಮ್ಮ ತಂದೆಯ ತರಹ ಕಾಯಂ ಕ್ಯಾಥೆಟರ್ ಇರುವವರಿಗೆ ಬೆಳ್ಳಿ ಲೇಪದಿಂದ ಹೇಳಿಕೊಳ್ಳುವಂತಹ ಲಾಭ ಇಲ್ಲ.

ಅದಕ್ಕಿಂತ ದೊಡ್ಡ ವಿಷಯ ನೀವು ಬರೆದಿರುವುದರಲ್ಲೇ ಇದೆ. ಮೂತ್ರ ಕಲಕಿದೆ, ವಾಸನೆ ಬಂತು ಅಂತ ಕಲ್ಚರ್‌ಗೆ ಕಳಿಸುತ್ತಿದ್ದೀರಿ. ಕ್ಯಾಥೆಟರ್ ಹಾಕಿದ ಮೇಲೆ ದಿನಕ್ಕೆ ಶೇ 3ರಿಂದ 7ರಷ್ಟು ಜನರ ಮೂತ್ರದಲ್ಲಿ ಹೊಸದಾಗಿ ಬ್ಯಾಕ್ಟೀರಿಯಾ ಸೇರುತ್ತಾ ಹೋಗುತ್ತದೆ. ಒಂದು ತಿಂಗಳಾಗುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರ ಮೂತ್ರದಲ್ಲೂ ಇರುತ್ತದೆ. ಅಂದರೆ ನಿಮ್ಮ ತಂದೆಯ ಮೂತ್ರ ಯಾವತ್ತು ಕಳಿಸಿದರೂ ಲ್ಯಾಬಿನವರಿಗೆ ಏನಾದರೂ ಸಿಕ್ಕೇ ಸಿಗುತ್ತದೆ. ಅದು ಬ್ಯಾಕ್ಟೀರಿಯಾ ಇದೆ ಅನ್ನುವುದಕ್ಕೆ ಸಾಕ್ಷಿ, ಕಾಯಿಲೆ ಇದೆ ಅನ್ನುವುದಕ್ಕಲ್ಲ. ಜ್ವರ ಇಲ್ಲ, ಚಳಿ ನಡುಕ ಇಲ್ಲ, ಹೊಟ್ಟೆಯ ಕೆಳಭಾಗದಲ್ಲೋ ಸೊಂಟದ ಮೇಲ್ಭಾಗದಲ್ಲೋ ನೋವಿಲ್ಲ, ಇದ್ದಕ್ಕಿದ್ದ ಹಾಗೆ ಮಂಕಾಗಿಲ್ಲ ಅಂದರೆ ಸಾಮಾನ್ಯವಾಗಿ ಆ್ಯಂಟಿಬಯೋಟಿಕ್ ಬೇಕಾಗುವುದಿಲ್ಲ. ಬೇಡದೇ ಇದ್ದಾಗ ಕೊಟ್ಟಷ್ಟೂ ಗಟ್ಟಿ ಬ್ಯಾಕ್ಟೀರಿಯಾ ಮಾತ್ರ ಉಳಿಯುತ್ತದೆ. ನಿಮ್ಮ ರಿಪೋರ್ಟ್‌ನಲ್ಲಿ ರೆಸಿಸ್ಟೆಂಟ್ ಜಾಸ್ತಿ ಆಗಿರುವುದಕ್ಕೆ ಇದೂ ಒಂದು ಕಾರಣ ಇರಬಹುದು. ನಿಮ್ಮ ಯುರಾಲಜಿಸ್ಟ್ ಹತ್ತಿರ ಇದೊಂದನ್ನು ಬಾಯಿಬಿಟ್ಟು ಕೇಳಿ.

ಜ್ವರ ಬಂದು ಕಲ್ಚರ್ ಬೇಕೇ ಬೇಕು ಅಂತಾದರೆ, ಕ್ಯಾಥೆಟರ್ ಹಾಕಿ ಎರಡು ವಾರಕ್ಕಿಂತ ಜಾಸ್ತಿ ಆಗಿದ್ದರೆ ಮೊದಲು ಹೊಸದು ಹಾಕಿಸಿ, ಹೊಸದರಿಂದ ಮೂತ್ರ ಹಿಡಿಯಬೇಕು. ಹಳೆ ಪೈಪಿನಿಂದ ಹಿಡಿದರೆ ಪೈಪಿನೊಳಗೆ ಬೆಳೆದದ್ದರ ರಿಪೋರ್ಟ್ ಬರುತ್ತದೆ. ಬ್ಯಾಗಿನಿಂದ ಹಿಡಿದು ಕೊಡುವವರನ್ನೂ ನೋಡಿದ್ದೇನೆ, ದಯವಿಟ್ಟು ಅದನ್ನು ಮಾಡಬೇಡಿ.

ಮನೆಯಲ್ಲಿ ನೋಡಿಕೊಳ್ಳಬೇಕಾದದ್ದು ಇಷ್ಟೇ. ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ ಇರಲಿ, ಆದರೆ ನೆಲ ಮುಟ್ಟದಿರಲಿ. ವ್ಹೀಲ್‌ಚೇರಿಗೆ ಕೂರಿಸುವಾಗ ಬ್ಯಾಗನ್ನು ಎತ್ತಿ ತೊಡೆ ಮೇಲೆ ಇಡುತ್ತಾರೆ ನೋಡಿ, ಆಗ ಬ್ಯಾಗಿನಲ್ಲಿದ್ದದ್ದು ವಾಪಸ್ ಒಳಗೆ ಹರಿಯಬಹುದು. ಪೈಪು ಮತ್ತು ಬ್ಯಾಗ್ ಸೇರುವ ಜಾಗವನ್ನು ಸುಮ್ಮಸುಮ್ಮನೆ ಬಿಚ್ಚಬೇಡಿ. ಬ್ಯಾಗ್ ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ, ಮುಂಚೆ ಮತ್ತು ಆಮೇಲೆ ಕೈ ತೊಳೆಯಿರಿ. ದಿನಾ ಸೋಪು ನೀರಿನಲ್ಲಿ ಆ ಜಾಗ ತೊಳೆದರೆ ಸಾಕು, ಡೆಟಾಲು ಬೆಟಾಡಿನ್ ಏನೂ ಬೇಡ. ಪೈಪನ್ನು ತೊಡೆಗೆ ಟೇಪ್ ಹಾಕಿ ಅಂಟಿಸಿ, ಜಗ್ಗಬಾರದು.

ಆಮೇಲೆ ಕೊನೆಯದಾಗಿ ಮುಖ್ಯವಾದದ್ದು. ಕ್ಯಾಥೆಟರ್ ನಿಜವಾಗಲೂ ಕಾಯಂ ಬೇಕಾ? ಲಕ್ವ ಆದಾಗ ಹಾಕಿದ್ದು ಹಾಗೇ ಮುಂದುವರಿದಿರುವುದು ಎಷ್ಟೋ ಮನೆಗಳಲ್ಲಿದೆ. ಒಮ್ಮೆ ತೆಗೆದು ನೋಡುವ ಪ್ರಯತ್ನ ಮಾಡಿದ್ದಾರಾ ಕೇಳಿ.

---

ಚೊಂಬೇಶ್ವರ:

ಸಿಸ್ಟರ್ ಹೇಳಿದ ಶುಚಿತ್ವದ ಮಾತೆಲ್ಲ ಸರಿ. ಆದರೆ ಬೆಳ್ಳಿಯಿಂದ ಲಾಭ ಇಲ್ಲ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿ ಅನ್ನಿಸಲಿಲ್ಲ.

ನಮ್ಮ ಬೆಂಗಳೂರಿನಲ್ಲೇ, ಯಲಹಂಕದ ಹತ್ತಿರ ಇರುವ ಆಯುರ್ವೇದ ಸಂಶೋಧನಾ ಸಂಸ್ಥೆಯವರು ತಾಮ್ರದ ಪಾತ್ರೆಯಲ್ಲಿ ನೀರು ಇಟ್ಟು ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದ್ದಾರೆ. ಕಾಲರಾ, ಆಮಶಂಕೆ, ಟೈಫಾಯ್ಡ್ ಜಾತಿಯ ಬ್ಯಾಕ್ಟೀರಿಯಾಗಳನ್ನು ಬೇಕಂತಲೇ ನೀರಿಗೆ ಸೇರಿಸಿ 16 ಗಂಟೆ ಬಿಟ್ಟರು. ಒಂದೂ ಬೆಳೆಯಲಿಲ್ಲ. ನೀರಿಗೆ ಇಳಿದ ತಾಮ್ರವೂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ತುಂಬಾ ಕಡಿಮೆ. ಇದು ಅಜ್ಜಿ ಕಥೆ ಅಲ್ಲ, ಲ್ಯಾಬಿನಲ್ಲಿ ಮಾಡಿದ್ದು.

ಬೆಳ್ಳಿ ಬಗ್ಗೆ ಹೇಳುವುದಾದರೆ, 1880ರ ಸುಮಾರಿಗೆ ಜರ್ಮನಿಯಲ್ಲಿ ಕ್ರೆಡೆ ಅನ್ನುವ ಡಾಕ್ಟರು ಹುಟ್ಟಿದ ಮಕ್ಕಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಲು ಶುರು ಮಾಡಿ ಎಷ್ಟೋ ಮಕ್ಕಳ ಕಣ್ಣು ಉಳಿಸಿದರು. ಸುಟ್ಟ ಗಾಯಕ್ಕೆ ಇವತ್ತಿಗೂ ಹಚ್ಚುವ ಬಿಳಿ ಮುಲಾಮು ಸಿಲ್ವರ್ ಸಲ್ಫಾಡಯಜಿನ್ ತಾನೇ? ನಲ್ಲಿ, ಮಂಚದ ಕಂಬಿಗೆ ಬಳಸುವ ತಾಮ್ರದ ಮಿಶ್ರಲೋಹ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಅಂತ ಅಮೆರಿಕದಲ್ಲಿ 2008ರಲ್ಲೇ ಸರ್ಕಾರದ ಮಟ್ಟದಲ್ಲಿ ನೋಂದಣಿ ಕೊಟ್ಟಿದ್ದಾರೆ. ಇಷ್ಟೆಲ್ಲ ಇರುವಾಗ ಪೈಪಿಗೆ ಹಚ್ಚಿದ ತಕ್ಷಣ ಬೆಳ್ಳಿಯ ಗುಣ ಎಲ್ಲಿ ಹೋಯಿತು ಅಂತ ಯಾರಾದರೂ ಬಿಡಿಸಿ ಹೇಳಿ.

---

ಲೋಹಪ್ರಿಯ:

ಚೊಂಬೇಶ್ವರ ಅವರ ಪ್ರಶ್ನೆ ನಿಜಕ್ಕೂ ಒಳ್ಳೆಯದು, ಅವರು ಹೇಳಿದ ಎಲ್ಲವೂ ನಿಜ ಕೂಡ. ನಾನು ಮೆಟೀರಿಯಲ್ಸ್ ಓದಿದವನು, ಕೋಟಿಂಗ್ ಕೆಲಸವನ್ನೇ ಮಾಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ಮೊದಲು ಬೆಳ್ಳಿ ಹೇಗೆ ಕೊಲ್ಲುತ್ತದೆ ನೋಡಿ. ಗಟ್ಟಿ ಬೆಳ್ಳಿ ತಾನಾಗಿ ಏನೂ ಮಾಡುವುದಿಲ್ಲ. ತೇವ ತಾಗಿ ಮೇಲ್ಮೈಯಿಂದ ಬೆಳ್ಳಿಯ ಅಯಾನುಗಳು, ಅಂದರೆ ವಿದ್ಯುದಂಶ ಇರುವ ಬೆಳ್ಳಿಯ ಕಣಗಳು, ಬಿಟ್ಟುಕೊಳ್ಳಬೇಕು. ಅವು ಬ್ಯಾಕ್ಟೀರಿಯಾದ ಪ್ರೋಟೀನಿನಲ್ಲಿರುವ ಗಂಧಕದ ಗುಂಪುಗಳಿಗೆ ಕಚ್ಚಿಕೊಂಡು ಅದರ ಉಸಿರಾಟ, ಹೊರಪೊರೆ ಎಲ್ಲ ಕೆಡಿಸುತ್ತವೆ. ತಾಮ್ರದ್ದೂ ಸುಮಾರಾಗಿ ಹೀಗೇ. ಪಾತ್ರೆಯ ನೀರಿನಲ್ಲಿ ಈ ಅಯಾನುಗಳಿಗೆ ಅಡ್ಡ ಬರುವವರು ಯಾರೂ ಇಲ್ಲ, ಕೈಯಲ್ಲಿ 16 ಗಂಟೆ ಸಮಯವೂ ಇದೆ.

ದೇಹದೊಳಗೆ ಹಾಗಲ್ಲ. ರಕ್ತ, ಮೂತ್ರ ಎಲ್ಲದರಲ್ಲೂ ಕ್ಲೋರೈಡ್ ಇದೆ, ಅಂದರೆ ಉಪ್ಪು. ಬೆಳ್ಳಿ ಅಯಾನು ಅದರ ಜತೆ ಸೇರಿ ಕರಗದ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಉಳಿದದ್ದಕ್ಕೆ ಆಲ್ಬುಮಿನ್ ತರಹದ ಪ್ರೋಟೀನುಗಳು ಅಂಟಿಕೊಳ್ಳುತ್ತವೆ. ಪೈಪ್ ಒಳಗೆ ಹೋದ ಸ್ವಲ್ಪ ಹೊತ್ತಿಗೇ ಅದರ ಮೇಲೆ ಒಂದು ಪ್ರೋಟೀನ್ ಪದರ ಕೂರುತ್ತದೆ, ಬ್ಯಾಕ್ಟೀರಿಯಾ ಬಂದು ಕೂರುವುದು ಆ ಪದರದ ಮೇಲೆ, ಬೆಳ್ಳಿಯ ಮೇಲಲ್ಲ. ಆಮೇಲೆ ಅವು ತಮ್ಮ ಸುತ್ತ ಲೋಳೆ ಕಟ್ಟಿಕೊಳ್ಳುತ್ತವೆ. ತೊಳೆಯದೆ ಬಿಟ್ಟ ನೀರಿನ ತೊಟ್ಟಿಯ ಒಳಗೋಡೆ ಮುಟ್ಟಿದರೆ ಜಾರುತ್ತದಲ್ಲ, ಆ ತರಹ. ಇದಕ್ಕೇ ಬಯೋಫಿಲ್ಮ್ ಅನ್ನುವುದು. ಅದರೊಳಗಿನ ಬ್ಯಾಕ್ಟೀರಿಯಾಗೆ ಆ್ಯಂಟಿಬಯೋಟಿಕ್ಕೂ ಸರಿಯಾಗಿ ನಾಟುವುದಿಲ್ಲ.

ಕಾಯಂ ಕ್ಯಾಥೆಟರಿನಲ್ಲಿ ಇನ್ನೂ ಒಂದು ಕಾಟ ಇದೆ. ಪ್ರೋಟಿಯಸ್ ಮಿರಾಬಿಲಿಸ್ ಅನ್ನುವ ಬ್ಯಾಕ್ಟೀರಿಯಾ ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಮೂತ್ರ ಕ್ಷಾರವಾಗುತ್ತದೆ, ಆಗ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳು ಪೈಪಿನೊಳಗೆ ಕಲ್ಲಿನ ಹಾಗೆ ಕಟ್ಟಿಕೊಳ್ಳುತ್ತವೆ. ಹರಳಿನ ಅಡಿಗೆ ಹೂತು ಹೋದ ಬೆಳ್ಳಿ ಯಾರಿಗೆ ಏನು ಮಾಡೀತು?

ಈಗ ಲ್ಯಾಬ್ ರಿಪೋರ್ಟ್ ವಿಷಯ. "99.9% ಬ್ಯಾಕ್ಟೀರಿಯಾ ನಾಶ" ಅಂತ ಡಬ್ಬದ ಮೇಲೆ ಹಾಕುತ್ತಾರಲ್ಲ, ಅದು ಬಹಳಷ್ಟು ಸಲ ಜಪಾನಿನ ಒಂದು ಮಾನಕ ಪರೀಕ್ಷೆಯಿಂದ ಬಂದದ್ದು. ಬ್ಯಾಕ್ಟೀರಿಯಾ ಇರುವ ದ್ರವವನ್ನು ಮೇಲ್ಮೈ ಮೇಲೆ ಹಾಕಿ, ಆರದ ಹಾಗೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, 35 ಡಿಗ್ರಿಯಲ್ಲಿ 24 ಗಂಟೆ ಇಡುತ್ತಾರೆ. ಬೆಳ್ಳಿಗೆ ಇದಕ್ಕಿಂತ ಹಬ್ಬ ಬೇರೆ ಬೇಕಾ. 2009ರಲ್ಲಿ ಇಂಗ್ಲೆಂಡಿನ ಸಂಶೋಧಕರು ಇರುವ ತಂಡವೊಂದು ಅದೇ ಪ್ರಯೋಗವನ್ನು ಮಾಮೂಲಿ ಕೋಣೆಯ ಉಷ್ಣತೆ ಮತ್ತು ಒಣಗಾಳಿಯಲ್ಲಿ ಮಾಡಿತು. ಬೆಳ್ಳಿ ಅಯಾನಿನ ಲೇಪ ಹಲವು ಆ್ಯಂಟಿಬಯೋಟಿಕ್‌ಗೆ ಬಗ್ಗದ ಎಂಆರ್‌ಎಸ್‌ಎ ಅನ್ನುವ ಬ್ಯಾಕ್ಟೀರಿಯಾವನ್ನು ಹೇಳಿಕೊಳ್ಳುವಷ್ಟು ಕಡಿಮೆ ಮಾಡಲೇ ಇಲ್ಲ. ತಾಮ್ರದ ಮಿಶ್ರಲೋಹ ಅಲ್ಲೂ ಕೊಂದಿತು. ಹಾಗಾಗಿ ಮಂಚದ ಕಂಬಿ, ಬಾಗಿಲ ಹಿಡಿಕೆ ವಿಷಯದಲ್ಲಿ ನಾನೂ ಚೊಂಬಿನ ಪಕ್ಷ.

ಹಾಗಾದರೆ ತಾಮ್ರವನ್ನೇ ದೇಹದೊಳಗೆ ಹಾಕಬಹುದಲ್ಲ ಅಂತ ಕೇಳಬಹುದು. ಹಾಕುತ್ತೇವೆ, ಕಾಪರ್ ಟಿ ಅಂತ! ಅದು ಬಿಡುವ ತಾಮ್ರದ ಅಯಾನು ವೀರ್ಯಾಣುಗಳನ್ನು ಕೆಡಿಸುತ್ತದೆ, ಗರ್ಭಕೋಶದ ಒಳಪದರದಲ್ಲಿ ಉರಿಯೂತ ತರುತ್ತದೆ. ಅಲ್ಲಿ ನಮಗೆ ಬೇಕಾಗಿರುವುದೂ ಅದೇ. ಆದರೆ ಮೂಳೆಯ ಪಕ್ಕದಲ್ಲೋ ಹೃದಯದಲ್ಲೋ ಅದು ಬೇಡ. ಬ್ಯಾಕ್ಟೀರಿಯಾ ಸಾಯುವಷ್ಟು ಬಿಡಬೇಕು, ನಮ್ಮ ಜೀವಕೋಶ ಸಾಯುವಷ್ಟು ಬಿಡಬಾರದು. ಈ ಎರಡರ ನಡುವಿನ ಜಾಗ ತುಂಬಾ ಇಕ್ಕಟ್ಟು. ನಮ್ಮ ಕೆಲಸದ ಕಷ್ಟವೆಲ್ಲ ಇರುವುದು ಇಲ್ಲೇ.

ಇಕ್ಕಟ್ಟು ಅಂದೆನಲ್ಲ, ಅದಕ್ಕೆ ಉದಾಹರಣೆ ಸಿಲ್‌ಜೋನ್ ಹೃದಯ ಕವಾಟ. ಅಮೆರಿಕದ ಸೇಂಟ್ ಜೂಡ್ ಮೆಡಿಕಲ್ ಕಂಪನಿ 1997ರಲ್ಲಿ ತಂದದ್ದು. ಕೃತಕ ಕವಾಟವನ್ನು ಹೃದಯಕ್ಕೆ ಹೊಲಿಯಲು ಸುತ್ತಲೂ ಒಂದು ಬಟ್ಟೆಯ ಪಟ್ಟಿ ಇರುತ್ತದೆ, ಅದಕ್ಕೆ ಬೆಳ್ಳಿ ಲೇಪಿಸಿದರು, ಸೋಂಕು ಬಾರದಿರಲಿ ಅಂತ. ಕಾಗದದ ಮೇಲೆ ಬಹಳ ಚೆಂದದ ಯೋಚನೆ. ಆಮೇಲೆ 4,400 ರೋಗಿಗಳ ಮೇಲೆ ದೊಡ್ಡ ಪರೀಕ್ಷೆ ಶುರುವಾಯಿತು. 807 ಜನ ಸೇರುವಷ್ಟರಲ್ಲೇ ಬೆಳ್ಳಿ ಇರುವ ಕವಾಟಗಳ ಅಂಚಿನಿಂದ ರಕ್ತ ಸೋರುವುದು ಜಾಸ್ತಿ ಕಂಡಿತು. ಮಾಮೂಲಿಯಾಗಿ ದೇಹದ ಅಂಗಾಂಶ ಆ ಬಟ್ಟೆಯೊಳಗೆ ಬೆಳೆದು ಬಿಗಿಯಾಗಬೇಕು, ಬೆಳ್ಳಿ ಅದಕ್ಕೇ ಅಡ್ಡ ಬಂದಿರಬಹುದು ಅನ್ನುವುದು ಅನುಮಾನ. 2000ದ ಜನವರಿಯಲ್ಲಿ ಕಂಪನಿ ಅವನ್ನು ವಾಪಸ್ ಕರೆಸಿತು. ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 36,000 ಜನರಿಗೆ ಹಾಕಿಯಾಗಿತ್ತು. ಹೃದಯದೊಳಗಿಂದ ಅದನ್ನು ವಾಪಸ್ ಕರೆಸುವುದು ಹೇಗೆ?

ಕ್ಯಾಥೆಟರಿಗೆ ಬರೋಣ. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬ್ರಿಟನ್ನಿನ 24 ಆಸ್ಪತ್ರೆಗಳ ಅಧ್ಯಯನ ಬಂತು, ಏಳು ಸಾವಿರಕ್ಕೂ ಹೆಚ್ಚು ರೋಗಿಗಳು. ಯಾರಿಗೆ ಯಾವ ಪೈಪ್ ಅನ್ನುವುದನ್ನು ಡಾಕ್ಟರ್ ಆರಿಸುವ ಹಾಗಿಲ್ಲ, ಚೀಟಿ ಎತ್ತಿದ ಹಾಗೆ ಹಂಚಿದ್ದು. ಆರು ವಾರದೊಳಗೆ ಲಕ್ಷಣ ಇರುವ ಮೂತ್ರ ಸೋಂಕು ಮಾಮೂಲಿ ಪೈಪಿನವರಲ್ಲಿ ಶೇ 12.6, ಬೆಳ್ಳಿ ಲೇಪದವರಲ್ಲಿ ಶೇ 12.5. ಅಷ್ಟೇ ವ್ಯತ್ಯಾಸ! ನೈಟ್ರೋಫ್ಯೂರಲ್ ಅನ್ನುವ ಔಷಧಿ ತುಂಬಿದ ಮೂರನೇ ಪೈಪಿನಲ್ಲಿ ಶೇ 10.6, ಆದರೆ ಅದನ್ನು ಹಾಕಿದವರಿಗೆ ಕಿರಿಕಿರಿ ಜಾಸ್ತಿ. ಗಮನಿಸಿ, ಇದು 14 ದಿನದೊಳಗೆ ತೆಗೆಯುವ ಪೈಪಿನ ಲೆಕ್ಕ. ಅಷ್ಟು ಕಡಿಮೆ ದಿನದಲ್ಲೇ ಬೆಳ್ಳಿಯಿಂದ ಏನೂ ಪ್ರಯೋಜನ ಆಗದಿದ್ದರೆ ತಿಂಗಳುಗಟ್ಟಲೆ ಇರುವ ಪೈಪಿನಲ್ಲಿ ಏನಾದೀತು. ಅದಕ್ಕೂ ಮುಂಚಿನ ಕೆಲವು ಚಿಕ್ಕ ಅಧ್ಯಯನಗಳಲ್ಲಿ ಬೆಳ್ಳಿ ಗೆದ್ದಿತ್ತು ನಿಜ. ಅವು ಹೆಚ್ಚಾಗಿ ಲೆಕ್ಕ ಹಾಕಿದ್ದು ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ. ಅದಕ್ಕೂ ಕಾಯಿಲೆಗೂ ಇರುವ ವ್ಯತ್ಯಾಸ ಸಿಸ್ಟರ್ ಹೇಳಿಯಾಗಿದೆ.

ಎಲ್ಲ ಕಡೆ ಸೋತಿದೆ ಅಂತಲ್ಲ. ವೆಂಟಿಲೇಟರ್ ಹಾಕುವಾಗ ಗಂಟಲಿಗೆ ಇಳಿಸುವ ಟ್ಯೂಬಿಗೆ ಬೆಳ್ಳಿ ಲೇಪಿಸಿ 2008ರಲ್ಲಿ ಒಂದು ದೊಡ್ಡ ಪರೀಕ್ಷೆ ಮಾಡಿದರು. ನ್ಯುಮೋನಿಯಾ ಶೇ 7.5ರಿಂದ 4.8ಕ್ಕೆ ಇಳಿಯಿತು. ಇದು ನಿಜವಾದ ಲಾಭ. ಆದರೆ ಸಾವಿನ ಸಂಖ್ಯೆಯಲ್ಲೂ ವೆಂಟಿಲೇಟರ್ ಮೇಲಿದ್ದ ದಿನಗಳಲ್ಲೂ ವ್ಯತ್ಯಾಸ ಕಾಣಲಿಲ್ಲ.

---

ಮೂಳೆ_ಮಾಸ್ಟರ್:

ಮಂಡಿ ಪ್ರಶ್ನೆ ನನಗೆ ಬಿಡಿ, ನಾನು ಆರ್ಥೋ.

ಗೋಲ್ಡ್ ನೀ ಅಂದರೆ ಚಿನ್ನ ಅಲ್ಲ. ಟೈಟಾನಿಯಂ ನೈಟ್ರೈಡ್ ಅಥವಾ ಟೈಟಾನಿಯಂ ನಯೋಬಿಯಂ ನೈಟ್ರೈಡ್ ಅನ್ನುವ ಗಟ್ಟಿ ಪದರ, ಅದರ ಬಣ್ಣವೇ ಹಳದಿ. ನಿಕ್ಕಲ್, ಕೋಬಾಲ್ಟ್ ಅಲರ್ಜಿ ಇರುವವರಿಗೆ ಆ ಲೋಹ ಹೊರಗೆ ಬಾರದಿರಲಿ, ಸವೆತ ಕಡಿಮೆಯಾಗಲಿ ಅಂತ ಮಾಡಿದ್ದು. ಇನ್ಫೆಕ್ಷನ್ ತಡೆಯಲು ಮಾಡಿದ್ದಲ್ಲ. ಇದಕ್ಕೂ ಬೆಳ್ಳಿ ಲೇಪಕ್ಕೂ ಸಂಬಂಧವೇ ಇಲ್ಲ. ಹಳದಿ ಬಣ್ಣ ನೋಡಿ ಜನ ತಾವೇ ಬೇರೆ ಅರ್ಥ ಮಾಡಿಕೊಳ್ಳುತ್ತಾರೆ, ಮಾರುವವರು ಸುಮ್ನೆ ತಲೆ ಆಡಿಸುತ್ತಾರೆ. ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 2017ರ ಆಗಸ್ಟ್‌ನಲ್ಲಿ ಮಂಡಿ ಇಂಪ್ಲಾಂಟ್‌ಗಳಿಗೆ ಮಿತಿ ಹಾಕಿದಾಗ ಮಾಮೂಲಿ ಕೋಬಾಲ್ಟ್ ಕ್ರೋಮಿಯಂದಕ್ಕೆ ಜಿಎಸ್‌ಟಿ ಬಿಟ್ಟು 54,720 ರೂಪಾಯಿ, ಟೈಟಾನಿಯಂ ಮತ್ತು ಆಕ್ಸಿಡೈಸ್ಡ್ ಜಿರ್ಕೋನಿಯಂನಂತಹ ವಿಶೇಷ ಲೋಹದ್ದಕ್ಕೆ 76,600 ಅಂತ ಇತ್ತು. ಬಿಲ್ಲಿನಲ್ಲಿ ಇಂಪ್ಲಾಂಟ್ ಬೆಲೆ ಬೇರೆಯಾಗಿ ಬರೆಸಿಕೊಳ್ಳಿ, ಈಗಿನ ಮಿತಿ ಎಷ್ಟು ಅಂತ ಹೋಲಿಸಿ ನೋಡಿ.

ಮೂಳೆಯಲ್ಲಿ ಬೆಳ್ಳಿ ಲೇಪಕ್ಕೆ ಜಾಗ ಇಲ್ಲವೇ ಇಲ್ಲ ಅಂತಲ್ಲ. ಮೂಳೆ ಕ್ಯಾನ್ಸರ್‌ನಲ್ಲಿ ತೊಡೆಮೂಳೆಯ ದೊಡ್ಡ ತುಂಡನ್ನೇ ತೆಗೆದು ಅಷ್ಟುದ್ದದ ಲೋಹ ಕೂರಿಸುತ್ತಾರೆ, ಮೆಗಾಪ್ರೊಸ್ಥೆಸಿಸ್ ಅಂತ. ಆಪರೇಷನ್ ಗಂಟೆಗಟ್ಟಲೆ, ಕೀಮೋಥೆರಪಿಯಿಂದ ರೋಗನಿರೋಧಕ ಶಕ್ತಿ ಕುಸಿದಿರುತ್ತದೆ, ಸುತ್ತಲಿನ ಮಾಂಸವೂ ಹೋಗಿರುತ್ತದೆ. ಅಲ್ಲಿ ಸೋಂಕು ಸುಮಾರು ಹತ್ತರಲ್ಲಿ ಒಬ್ಬರಿಗೆ. ಜರ್ಮನಿಯ ಮ್ಯೂನ್‌ಸ್ಟರ್‌ನವರು 2010ರಲ್ಲಿ ಬರೆದಂತೆ ಬೆಳ್ಳಿ ಇಲ್ಲದ 74 ಜನರಲ್ಲಿ ಶೇ 17.6 ಸೋಂಕು, ಬೆಳ್ಳಿ ಲೇಪ ಇದ್ದ 51 ಜನರಲ್ಲಿ ಶೇ 5.9. ಸಂಖ್ಯೆ ಚಿಕ್ಕದು, ಚೀಟಿ ಎತ್ತಿ ಹಂಚಿದ್ದೂ ಅಲ್ಲ, ಆದರೂ ಅಂತಹ ರೋಗಿಗೆ ನಾನಾದರೆ ಯೋಚನೆ ಮಾಡುತ್ತೇನೆ. ಕಾಲು ಉಳಿಯುತ್ತದಾ ಇಲ್ಲವಾ ಅನ್ನುವ ಮಟ್ಟದ ವಿಷಯ ಅದು. ಅಲ್ಲೂ ಮೂಳೆಯೊಳಗೆ ಹೋಗುವ ಕಡ್ಡಿಗೆ ಬೆಳ್ಳಿ ಹಚ್ಚಿರಲಿಲ್ಲ.

ಮೊದಲ ಸಲ ಮಾಡುವ ಮಾಮೂಲಿ ಮಂಡಿಯಲ್ಲಿ ಸೋಂಕು ನೂರಕ್ಕೆ ಒಂದೋ ಎರಡೋ. ಅದನ್ನು ಇನ್ನೂ ಇಳಿಸಬೇಕು ಅಂದರೆ ಲೋಹದ ಬಣ್ಣ ನೋಡಬೇಡಿ, ಚಿಕ್ಕಪ್ಪನ ಶುಗರ್ ನೋಡಿ. ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ ಹಿಡಿತಕ್ಕೆ ಬರುವ ತನಕ ಆಪರೇಷನ್ ಮುಂದೆ ಹಾಕಿದರೂ ನಷ್ಟ ಇಲ್ಲ. ಬೀಡಿ ಸಿಗರೇಟು ಇದ್ದರೆ ಬಿಡಿಸಿ. ಕಾಲಿನಲ್ಲಿ ಹುಣ್ಣು, ಹುಳುಕು ಹಲ್ಲು, ಉಗುರುಸುತ್ತು ಇದ್ದರೆ ಮೊದಲು ವಾಸಿ ಮಾಡಿಸಿ. ಕುಯ್ಯುವುದಕ್ಕೆ ಮುಂಚಿನ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಕೊಡುತ್ತೀರಾ ಅಂತ ಕೇಳಿ, ಕೇಳುವುದಕ್ಕೆ ಸಂಕೋಚ ಬೇಡ. ಅಲ್ಲಿ ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತಾರೆ ಅನ್ನುವುದನ್ನೂ ಕೇಳಿ.

---

ಚೊಂಬೇಶ್ವರ:

ಲೋಹಪ್ರಿಯ ಸರ್, ಚೆನ್ನಾಗಿ ಬಿಡಿಸಿದಿರಿ, ಕ್ಲೋರೈಡ್ ವಿಷಯ ಹೊಸದು. ಒಂದು ಅನುಮಾನ ಮಾತ್ರ ಉಳಿಯಿತು. ಆ್ಯಂಟಿಬಯೋಟಿಕ್‌ಗೆ ರೆಸಿಸ್ಟೆನ್ಸ್ ಬರುತ್ತದೆ, ಲೋಹಕ್ಕೆ ಬರಲ್ಲ ಅಂತ ಎಲ್ಲರೂ ಹೇಳುತ್ತಾರಲ್ಲ, ಅದಾದರೂ ನಿಜವಾ?

---

ಲೋಹಪ್ರಿಯ:

ಇಲ್ಲ, ಬರುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಸಿಲ್ವರ್ ನೈಟ್ರೇಟಿಗೆ ಜಗ್ಗದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಿಕ್ಕಿದ್ದು 1975ರಲ್ಲಿ ವರದಿಯಾಗಿದೆ. ಆಮೇಲೆ ಅದರ ಜೀನುಗಳನ್ನೂ ಗುರುತಿಸಿದರು. ಒಳಗೆ ಬಂದ ಬೆಳ್ಳಿಯನ್ನು ಹಿಡಿದು ಹೊರಗೆ ಪಂಪ್ ಮಾಡುವ ವ್ಯವಸ್ಥೆ. ಕಷ್ಟದ ವಿಷಯ ಏನೆಂದರೆ ಆ ಜೀನುಗಳು ಇದ್ದದ್ದು ಒಂದು ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದೊಳಗಿನ ಪುಟ್ಟ ಡಿಎನ್‌ಎ ಬಳೆ) ಮೇಲೆ, ಅದರಲ್ಲೇ ಹಲವು ಆ್ಯಂಟಿಬಯೋಟಿಕ್‌ಗಳ ರೆಸಿಸ್ಟೆನ್ಸ್ ಕೂಡ ಇತ್ತು. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಎರಡೂ ಒಟ್ಟಿಗೇ ದಾಟಬಹುದು. ಆ್ಯಂಟಿಬಯೋಟಿಕ್‌ನಷ್ಟು ಸಲೀಸಾಗಿ ಹರಡುತ್ತಿಲ್ಲ ಅನ್ನುವುದು ಸಮಾಧಾನ. ಆದರೆ ಸಾಕ್ಸಿಗೂ ಬಾಚಣಿಗೆಗೂ ಬೆಳ್ಳಿ ಬಳಿಯುವುದನ್ನು ನೋಡಿದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಅಯಾನು ಬಿಡದೆ ಕೊಲ್ಲುವ ದಾರಿಯನ್ನೂ ಹುಡುಕುತ್ತಿದ್ದಾರೆ. ಜೀರುಂಡೆಯ (ಸಿಕಾಡಾ) ರೆಕ್ಕೆಯ ಮೇಲೆ ಕಣ್ಣಿಗೆ ಕಾಣದ ಮೊನೆಗಳಿವೆ, ಅದರ ಮೇಲೆ ಕೂತ ಕೆಲವು ಬ್ಯಾಕ್ಟೀರಿಯಾಗಳ ಪೊರೆ ಹರಿದು ಸಾಯುತ್ತವೆ ಅಂತ ಆಸ್ಟ್ರೇಲಿಯಾದವರು 2012ರಲ್ಲಿ ತೋರಿಸಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿ ಅವರ ತಂಡ 2017ರಲ್ಲಿ ಟೈಟಾನಿಯಂ ಮೇಲೆಯೇ ಅಂತಹ ಮೊನೆಗಳನ್ನು ಕೊರೆದು ಪ್ರಕಟಿಸಿದೆ. ಬೆಳಕು ಹೀರಿಕೊಂಡು ಕಪ್ಪಗೆ ಕಾಣುತ್ತದೆ, ಹಾಗಾಗಿ ಬ್ಲ್ಯಾಕ್ ಟೈಟಾನಿಯಂ ಅನ್ನುತ್ತಾರೆ. ಅದರ ಮೇಲೆ ಬ್ಯಾಕ್ಟೀರಿಯಾ ಸತ್ತವು, ಮನುಷ್ಯರ ಕೋಶಗಳು ಬೆಳೆದವು. ಆದರೆ ಅದು ಲ್ಯಾಬಿನ ಫಲಿತಾಂಶ. ಸಿಲ್‌ಜೋನ್ ನೆನಪಿರುವ ಯಾರೂ ಇಲ್ಲಿ ಅವಸರ ಮಾಡಬಾರದು.

---

ನೈಟ್_ಡ್ಯೂಟಿ_ಸಿಸ್ಟರ್:

ಲೇಪದ ಮಾತು ಇಷ್ಟು ಆಯಿತಲ್ಲ, ಇದನ್ನೂ ಸೇರಿಸಿಬಿಡುತ್ತೇನೆ. ಅಮೆರಿಕದ ಮಿಶಿಗನ್ ರಾಜ್ಯದ 103 ಐಸಿಯುಗಳಲ್ಲಿ ಕುತ್ತಿಗೆ, ಎದೆಯ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್ ಸೋಂಕು ಇಳಿಸಿದ್ದು ಯಾವ ಲೋಹವೂ ಅಲ್ಲ. ಕೈ ತೊಳೆಯಿರಿ, ಪೂರ್ತಿ ಗೌನು ಬಟ್ಟೆ ಹಾಕಿ, ಕ್ಲೋರ್‌ಹೆಕ್ಸಿಡಿನ್ ಅನ್ನುವ ಕ್ರಿಮಿನಾಶಕದಿಂದ ಚರ್ಮ ಒರೆಸಿ, ಆದಷ್ಟು ತೊಡೆಸಂದಿಯಲ್ಲಿ ಹಾಕಬೇಡಿ, ಬೇಡವಾದ ಲೈನ್ ಅವತ್ತೇ ತೆಗೆಯಿರಿ. ಇಷ್ಟೇ. ರೋಗಿಗಳಿಗೆ ಲೈನ್ ಇದ್ದ ದಿನಗಳನ್ನೆಲ್ಲ ಕೂಡಿಸಿದರೆ ಪ್ರತಿ ಸಾವಿರ ದಿನಗಳಿಗೆ ಸರಾಸರಿ 7.7 ಇದ್ದ ಸೋಂಕು ಒಂದೂವರೆ ವರ್ಷದಲ್ಲಿ 1.4ಕ್ಕೆ ಬಂತು. 2006ರಲ್ಲಿ ಪ್ರಕಟವಾದದ್ದು. ಡಾಕ್ಟರ್ ಒಂದು ಹೆಜ್ಜೆ ಬಿಟ್ಟರೆ ನಿಲ್ಲಿಸಿ ಅನ್ನುವ ಅಧಿಕಾರವನ್ನು ಅಲ್ಲಿ ನರ್ಸ್‌ಗಳಿಗೆ ಕೊಟ್ಟಿದ್ದರು. ನಮ್ಮ ಕಡೆ ಅದೊಂದು ಬಂದರೆ ಬೇರೆ ಏನೂ ಕೇಳಲ್ಲ ನಾನು.

---

ಹಾಸನ್_ಹೈದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಳ್ಳಿ ಬೇಡ ಅಂತ ತೀರ್ಮಾನ ಮಾಡಿದೆ. ಚಿಕ್ಕಪ್ಪನಿಗೆ ಫೋನ್ ಮಾಡಿ ಚಿನ್ನ ಅಲ್ಲವಂತೆ ಅಂದೆ, ಅವರಿಗೆ ಸ್ವಲ್ಪ ಬೇಜಾರೇ ಆಯಿತು ಪಾಪ.

ಯುರಾಲಜಿಸ್ಟ್ ಹತ್ತಿರ ಮುಂದಿನ ವಾರ ಹೋಗುತ್ತೇವೆ. ಸಿಸ್ಟರ್, ಎರಡು ಪ್ರಶ್ನೆ. ಒಂದು, ಈಗ ಹಾಕುತ್ತಿರುವುದು ಹಳದಿ ಬಣ್ಣದ ರಬ್ಬರಿನದು. ಪಾರದರ್ಶಕವಾಗಿರುವ ಸಿಲಿಕೋನ್ ಒಳ್ಳೆಯದಾ? ಎರಡು, ಕ್ಯಾಥೆಟರ್ ತೆಗೆದರೆ ಮೂತ್ರ ಕಟ್ಟಿಕೊಂಡರೆ ಏನು ಮಾಡುವುದು?

---

ನೈಟ್_ಡ್ಯೂಟಿ_ಸಿಸ್ಟರ್:

ಸಿಲಿಕೋನ್‌ಗೆ ಕೊಡುವ ದುಡ್ಡು ದಂಡ ಅಲ್ಲ. ಗೋಡೆ ತೆಳು, ಹಾಗಾಗಿ ಒಳಗಿನ ತೂತು ದೊಡ್ಡದು, ಕಟ್ಟಿಕೊಳ್ಳುವುದು ತಡ. ಲ್ಯಾಟೆಕ್ಸ್‌ಗಿಂತ, ಅಂದರೆ ನಿಮ್ಮ ಹಳದಿ ರಬ್ಬರಿಗಿಂತ, ಜಾಸ್ತಿ ದಿನ ಇಡಬಹುದು, ಎಷ್ಟು ದಿನ ಅನ್ನುವುದನ್ನು ಪ್ಯಾಕೆಟ್ ಮತ್ತು ಡಾಕ್ಟರ್ ನೋಡಿ ತೀರ್ಮಾನಿಸಿ. ಕೊಳ್ಳುವಾಗ ಪೂರ್ತಿ ಸಿಲಿಕೋನ್ ಅಂತ ಕೇಳಿ. ಲ್ಯಾಟೆಕ್ಸ್ ಮೇಲೆ ಸಿಲಿಕೋನ್ ಸವರಿದ್ದನ್ನೂ ಅದೇ ಹೆಸರಿನಲ್ಲಿ ಕೊಡುತ್ತಾರೆ. ಸೋಂಕು ನಿಲ್ಲುತ್ತದೆ ಅಂತ ಮಾತ್ರ ತಗೋಬೇಡಿ.

ಎರಡನೆಯದಕ್ಕೆ, ತೆಗೆದು ನೋಡುವುದನ್ನು ಮನೆಯಲ್ಲಿ ನೀವಾಗಿ ಮಾಡಬೇಡಿ, ಆಸ್ಪತ್ರೆಯಲ್ಲೇ ಆಗಬೇಕು. ಮೂತ್ರ ಹೋದ ಮೇಲೆ ಒಳಗೆ ಎಷ್ಟು ಉಳಿಯಿತು ಅಂತ ಸ್ಕ್ಯಾನ್‌ನಲ್ಲಿ ನೋಡುತ್ತಾರೆ. ಜಾಸ್ತಿ ಉಳಿದರೆ ಹೊತ್ತು ಹೊತ್ತಿಗೆ ತೆಳು ಪೈಪ್ ಹಾಕಿ ಖಾಲಿ ಮಾಡಿ ತೆಗೆಯುವ ವಿಧಾನ ಇದೆ, ಸಿಐಸಿ ಅಂತ. ಕಾಯಂ ಪೈಪಿಗಿಂತ ಅದರಲ್ಲಿ ಸೋಂಕು ಕಡಿಮೆ. ಆದರೆ ದಿನಕ್ಕೆ ನಾಲ್ಕೈದು ಸಲ ಯಾರಾದರೂ ಮಾಡಬೇಕು. ತಂದೆಯವರ ಒಂದು ಕೈ ಸ್ವಾಧೀನದಲ್ಲಿದೆಯಾ, ಅಮ್ಮನಿಗೋ ನಿಮಗೋ ಕಲಿಯಲು ಆಗುತ್ತದಾ, ಇದನ್ನೆಲ್ಲ ಮೊದಲೇ ಮನೆಯಲ್ಲಿ ಮಾತಾಡಿಕೊಂಡು ಹೋಗಿ. ಹೋಗುವಾಗ ಹಳೆ ಕಲ್ಚರ್ ರಿಪೋರ್ಟ್‌ಗಳನ್ನೂ ತಗೊಂಡು ಹೋಗಿ, ಯಾವ ಯಾವ ಸಲ ಜ್ವರ ಇತ್ತು, ಯಾವ ಸಲ ಬರೀ ವಾಸನೆ ಇತ್ತು ಅಂತ ಪ್ರತಿಯೊಂದರ ಮೇಲೂ ಪೆನ್ನಿನಲ್ಲಿ ಬರೆದಿಡಿ.